ಸೋಮವಾರದ ಸೀಟು

ಬೈಕು ಚಿಕ್ಕಪ್ಪನದು. ಅದರ ಹಿಂದಿನ ಸೀಟು ಚಿಕ್ಕಮ್ಮನದು. ಈ ಎರಡನೆಯ ಮಾತು ನನಗೆ ಹೊಳೆದದ್ದು ಆ ಸೀಟು ಹೋದ ಮೇಲೆ. ಅಥವಾ ಮೊದಲೇ ಹೊಳೆದಿತ್ತು, ಹೊಳೆಯದವನಂತೆ ಇದ್ದೆ. ಎರಡರಲ್ಲಿ ಯಾವುದು ನಿಜ ಎಂದು ಕೇಳಿದರೆ ಆಣೆ ಇಟ್ಟು ಹೇಳಲಾರೆ.

ನಾನು ಓದಲೆಂದು ಮೈಸೂರಿಗೆ ಬಂದು ನಜರ್‌ಬಾದಿನ ಚಿಕ್ಕಪ್ಪನ ಮನೆಯಲ್ಲಿ ಉಳಿದವನು. ಇತಿಹಾಸದ ಎಂ.ಎ. ಮುಗಿಯಿತು, ಒಂದು ಕಾಲೇಜಿನಲ್ಲಿ ಅರೆಕಾಲಿಕ ಪಾಠ ಸಿಕ್ಕಿತು, ಆದರೂ ಆ ಮನೆ ಬಿಡಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಬಿಡು ಎಂದು ಯಾರೂ ಹೇಳಲೂ ಇಲ್ಲ. ಚಿಕ್ಕಪ್ಪನಿಗೆ ಮಾರ್ಕೆಟ್ಟಿನ ಹಿಂದೆ ಗ್ರಂಥಿಗೆ ಅಂಗಡಿ. ವಿಭೂತಿ, ಕರ್ಪೂರ, ಅರಿಶಿನ ಕೊಂಬು, ಕಷಾಯದ ಬೇರುಗಳು. ಅವರು ಕೋಣೆಗೆ ಬರುವ ಮೊದಲೇ ಅವರ ಅಂಗಿಯ ವಾಸನೆ ಬರುತ್ತಿತ್ತು. ಇಂಥ ಮನುಷ್ಯ ಎಂಬತ್ತರ ದಶಕದಲ್ಲಿ ಒಂದು ಜಪಾನಿ ಬೈಕು ಕೊಂಡಿದ್ದರು. ಎರಡು ಸಿಲಿಂಡರು, ಎರಡು ಸೈಲೆನ್ಸರು, ಸ್ಟಾರ್ಟ್ ಮಾಡಿದರೆ ಬೀದಿಯ ತುಂಬ ನೀಲಿ ಹೊಗೆ. ಮೈಸೂರಿನ ಕಾರ್ಖಾನೆಯಲ್ಲೇ ಬೇರೊಂದು ಬೈಕು ತಯಾರಾಗುತ್ತಿದ್ದ ಕಾಲ ಅದು. ನಮ್ಮ ಬೀದಿಯಲ್ಲಿ ಇದ್ದವರೆಲ್ಲ ಒಂದೋ ಆ ಕಾರ್ಖಾನೆಗೆ ಹೋಗುತ್ತಿದ್ದವರು, ಇಲ್ಲವೇ ಹೋಗುತ್ತಿದ್ದವರ ನೆಂಟರು. "ಮನೇಲಿ ಮುದ್ದೆ ಬೆಂದಿರೋವಾಗ ಓಟ್ಲಿಗೆ ಹೋದಂಗಾಯ್ತು ಕಣ್ರೀ" ಎಂದು ಎದುರು ಮನೆಯವರು ಅಂದದ್ದನ್ನು ಚಿಕ್ಕಪ್ಪ ಬಂದವರಿಗೆಲ್ಲ ನಗುತ್ತ ಹೇಳುತ್ತಿದ್ದರು.

ಬೈಕು ಬಂದ ಕೂಡಲೇ ಅವರು ಅದಕ್ಕೆ ಒಂದು ದೊಡ್ಡ ಸೀರೆ ಗಾರ್ಡ್ ಹಾಕಿಸಿದರಂತೆ. ಹಿಂದಿನ ಚಕ್ರಕ್ಕೆ ಸೆರಗು ಸಿಕ್ಕದ ಹಾಗೆ ಎಡಗಡೆ ಕಬ್ಬಿಣದ ಕಂಬಿಗಳ ಜಾಲರಿ, ಅದರ ಕೆಳಗೆ ಎರಡೂ ಪಾದ ಒಟ್ಟಿಗೆ ಊರುವಷ್ಟು ಅಗಲದ ತಗಡಿನ ಮೆಟ್ಟಿಲು. ಓಡುವುದಕ್ಕೆಂದೇ ಕಟ್ಟಿದ ಗಾಡಿಯನ್ನು ಚಿಕ್ಕಪ್ಪ, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು, ತುಂಬಿದ ಕೊಡ ಹೊತ್ತವರಂತೆ ಓಡಿಸುತ್ತಿದ್ದರು.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಾಗ ಡಾಕ್ಟರು ಇನ್ನು ಬೈಕು ಬೇಡ ಎಂದರು. ಆ ಸಂಜೆಯೇ ಚಿಕ್ಕಪ್ಪ ಕೀ ತಂದು ನನ್ನ ಕೈಗಿಟ್ಟರು.

"ಇಟ್ಕೊ. ಅಂಗಡಿಗೆ ನಾನು ನಡ್ಕೊಂಡೇ ಹೋಗ್ತೀನಿ. ಸೋಮವಾರ ಮಾತ್ರ ನಿಮ್ಮ ಚಿಕ್ಕಮ್ಮನ್ನ ದಟ್ಟಗಳ್ಳಿಗೆ ಬುಟ್ಟು ಕರ್ಕೊಂಡ್ ಬಾ. ಅದೊಂದು ತಪ್ಪಿಸ್ಬೇಡ."

ದಟ್ಟಗಳ್ಳಿಯಲ್ಲಿ ಚಿಕ್ಕಮ್ಮನ ಗೆಳತಿ ಇದ್ದರು. ಮೊದಲು ಅವರು ನಜರ್‌ಬಾದಿನಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಬಾಡಿಗೆಗಿದ್ದವರು. ಎರಡೂ ಅಡುಗೆಮನೆಗಳಿಗೆ ನಡುವೆ ಒಂದೇ ಗೋಡೆ. ಅವರ ಗಂಡ ಸೈಟು ಕೊಂಡು, ಮನೆ ಕಟ್ಟಿಸಿ, ಊರಿನ ಆಚೆ ತುದಿಗೆ ಸಂಸಾರ ಸಾಗಿಸಿದರು. ಆಗ ದಟ್ಟಗಳ್ಳಿ ಎಂದರೆ ಸೈಟಿನ ಕಲ್ಲುಗಳು, ಲಂಟಾನ ಪೊದೆ, ಮಣ್ಣಿನ ರಸ್ತೆ, ಅಲ್ಲೊಂದು ಇಲ್ಲೊಂದು ಮನೆ. ಬಸ್ಸಿಗೆ ಸಿಟಿ ಸ್ಟ್ಯಾಂಡಿನಲ್ಲಿ ಕಾದು ಕಾದು ಹೋಗಬೇಕು, ಇಳಿದ ಮೇಲೆ ನಡೆಯಬೇಕು. ಆಟೋದವರು ಹೆಸರು ಕೇಳಿಯೇ ತಲೆ ಆಡಿಸುತ್ತಿದ್ದರು. ಗೆಳತಿಯದು ಗೌಡರ ಮನೆ, ಭಾನುವಾರ ಬಾಡೂಟ ತಪ್ಪುವಂತಿಲ್ಲ. ನಮ್ಮದು ಲಿಂಗ ಕಟ್ಟಿದ ಮನೆ. ಸೋಮವಾರ ಅವರೂ ಮಾಂಸ ಮುಟ್ಟುವುದಿಲ್ಲ, ಹಾಗಾಗಿ ಸೋಮವಾರ. ಚಿಕ್ಕಮ್ಮ ಗೇಟು ತೆಗೆಯುತ್ತಲೇ ಮೂಗೆತ್ತಿ ಗಾಳಿ ಮೂಸುವವರಂತೆ ಮಾಡುತ್ತಿದ್ದರು.

"ಪಾತ್ರೆ ತೊಳ್ದಿದ್ದೀಯೇನೇ?"

"ಹುಣಸೆಹಣ್ಣು ಹಾಕಿ ಉಜ್ಜಿದ್ದೀನಿ ಕಣಮ್ಮ. ಬೇಕಾದ್ರೆ ನಿನ್ನ ಶಿವನೇ ಬಂದು ನೋಡ್ಕೊಂಡ್ ಹೋಗ್ಲಿ."

"ಅವನಿಗೇನೇ, ಯಾರ ಮನೇಲಾದ್ರೂ ಉಣ್ತಾನೆ. ನೋಡ್ಬೇಕಾದೋಳು ನಾನು."

ಆಮೇಲೆ ಇಬ್ಬರೂ ನಗುತ್ತಿದ್ದರು. ಚಿಕ್ಕಮ್ಮ ನಮ್ಮ ಮನೆಯಲ್ಲಿ ಹಾಗೆ ನಕ್ಕದ್ದನ್ನು ನಾನು ಕಂಡಿಲ್ಲ. ಮನೆಯಲ್ಲಿ ಅವರು ನಾದಿನಿಯರಿಗೆ ಅತ್ತಿಗೆ, ನೆಂಟರಿಗೆ ಅಡುಗೆ, ನನಗೆ ಕಾಫಿ. ವಾರಕ್ಕೊಂದು ಮಧ್ಯಾಹ್ನ ಅವರದೇ ಎಂದು ಇದ್ದದ್ದು ಇದೊಂದು. ಅವರು ಒಳಗೆ ಹೋದರೆ ನಾನು ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಕೂತು ಏನಾದರೂ ಓದುತ್ತಿದ್ದೆ. ಸಂಜೆ ಮತ್ತೆ ಒಂದು ಕಡೆಗೆ ಕಾಲು ಹಾಕಿ, ಒಂದು ಕೈಯಲ್ಲಿ ಸೀಟಿನ ಹಿಂದಿನ ಕಂಬಿ, ಇನ್ನೊಂದು ಕೈಯಲ್ಲಿ ಡಬ್ಬಿ ಹಿಡಿದು ಕೂರುವರು. ಸ್ವಲ್ಪ ಜೋರು ಮಾಡಿದರೆ, "ಮೆತ್ತಗೆ ಕಣಪ್ಪ, ಹುಳಿ ಚೆಲ್ಲುತ್ತೆ." ನನಗೆ ಬೇಸರ ಬರುತ್ತಿತ್ತು. ಇದನ್ನು ಬರೆಯದೆ ಬಿಟ್ಟರೆ ಮುಂದಿನದೆಲ್ಲ ಬರೀ ಅಚಾತುರ್ಯದ ಹಾಗೆ ಕಾಣುತ್ತದೆ.

ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ಇಂಗ್ಲಿಷಿನ ಮೋಟಾರು ಪತ್ರಿಕೆ ಸಿಕ್ಕಿತು. ಅದರಲ್ಲಿ ನಮ್ಮ ಬೈಕಿನದೇ ಫೋಟೋ. ನಮ್ಮದು ಎಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹ್ಯಾಂಡಲ್ಲು ಟ್ಯಾಂಕಿಗಿಂತ ಕೆಳಗೆ ಇಳಿದಿತ್ತು, ಮಡ್‌ಗಾರ್ಡಿನ ತಗಡು ಮಾಯವಾಗಿತ್ತು, ಸೀಟು ಒಬ್ಬನಿಗೆ ಮಾತ್ರ, ಅದರ ಹಿಂದೆ ಒಂಟೆಯ ಡುಬ್ಬದ ಹಾಗೆ ಒಂದು ಗುಬ್ಬು. ಕೆಫೆ ರೇಸರ್ ಎಂದು ಕೆಳಗೆ ಬರೆದಿತ್ತು. ನಾನು ಆ ಹಾಳೆಯನ್ನು ಹರಿದು, ಜೊತೆಗೆ ಪಿಯುಸಿ ಓದಿದ್ದ ಒಬ್ಬ ಗೆಳೆಯನ ಮನೆಗೆ ಹೋದೆ. ಅವನು ಮೈಸೂರಿನದೇ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮೊದಲನೇ ಶಿಫ್ಟ್ ಮುಗಿಸಿ ಬಂದು, ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಪರಿಚಯದವರ ಗಾಡಿ ಬಿಚ್ಚುವುದು ಅವನ ಚಟ. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸುತ್ತಿದ್ದ ಎಂದು ಹೇಳಲಾರೆ.

"ಕೆಫೆ ರೇಸರ್ ಅಂದ್ರೇನೋ?" ಎಂದ.

"ಇಂಗ್ಲೆಂಡಲ್ಲಿ ಹುಡುಗರು ಒಂದು ಟೀ ಅಂಗಡಿಯಿಂದ ಇನ್ನೊಂದು ಟೀ ಅಂಗಡಿಗೆ ರೇಸ್ ಬಿಡ್ತಿದ್ರಂತೆ. ಅಂಥ ಗಾಡಿ."

"ಟೀ ಕುಡಿಯಕ್ಕೆ ಯಾವನಾದ್ರೂ ಅಷ್ಟು ಜೋರಾಗಿ ಹೋಗ್ತಾನೇನೋ? ನಮ್ ಫ್ಯಾಕ್ಟ್ರಿ ಸೈರನ್ ಹೊಡ್ದಾಗ ಬಂದ್ ನೋಡು, ರೇಸ್ ಅಂದ್ರೆ ಎಂಗಿರುತ್ತೆ ಅಂತ."

ಹೀಗೆ ಅಂದರೂ ಹಾಳೆಯನ್ನು ಕೈಯಿಂದ ಬಿಡಲಿಲ್ಲ. ಚಿಕ್ಕಪ್ಪನನ್ನು ಕೇಳಿದೆ, ಅವರು ಕೂಡಲೇ ಹೂಂ ಅಂದರು. ಆಮೇಲೆ ಚಿಕ್ಕಮ್ಮನಿಗೂ ಹೇಳಿದೆ. ಅವರು ನಡುಮನೆಯಲ್ಲಿ ಕೂತು ನೆನೆಸಿದ ಹಸಿ ಅವರೆಕಾಳು ಹಿತುಕುತ್ತಿದ್ದರು.

"ಗಾಡಿ ಸ್ವಲ್ಪ ಬದಲಾಯಿಸ್ತೀನಿ ಚಿಕ್ಕಮ್ಮ."

"ನಿಮ್ಮ ಚಿಕ್ಕಪ್ಪ ಏನಂದ್ರು?"

"ಆಗ್ಲಿ ಅಂದ್ರು."

"ಸರಿ ಮತ್ತೆ." ಒಂದಷ್ಟು ಕಾಳು ತಟ್ಟೆಗೆ ಬಿದ್ದ ಮೇಲೆ ತಲೆ ಎತ್ತಿದರು. "ಸೋಮವಾರಕ್ಕೆ?"

"ಒಂದೆರಡು ನಟ್ಟು ಅಷ್ಟೇ. ಸೋಮವಾರ ಹಳೇ ಸೀಟು ಹಾಕೋದು, ಸಂಜೆ ಬಿಚ್ಚೋದು. ನಿಮಗೆ ಗೊತ್ತೇ ಆಗಲ್ಲ."

ಈ ಮಾತುಕತೆ ನನಗೆ ಚೆನ್ನಾಗಿ ನೆನಪಿದೆ. ಆ ತಟ್ಟೆ, ಕಾಳಿನ ಸಿಪ್ಪೆ, ಅವರ ಒದ್ದೆ ಬೆರಳು ಎಲ್ಲ ಕಾಣುತ್ತದೆ. ತೊಂದರೆ ಎಂದರೆ ನಾವು ಕೆಲಸ ಶುರು ಮಾಡಿದ್ದು ಕಾಲೇಜಿಗೆ ಬೇಸಿಗೆ ರಜೆ ಬಿಟ್ಟ ಮೇಲೆ. ಅವರೆಕಾಯಿಯ ಕಾಲ ಚಳಿಗಾಲ. ಹಾಗಾದರೆ ಆ ಕಾಳು ಬೇರೆ ಯಾವುದೋ ದಿನದಿಂದ ಬಂದು ಇಲ್ಲಿ ಸೇರಿದೆ. ಕಾಳು ಬಂದಿದ್ದರೆ "ನಿಮಗೆ ಗೊತ್ತೇ ಆಗಲ್ಲ" ಎಂಬ ಮಾತೂ ಆಮೇಲೆ ಬಂದು ಸೇರಿರಬಹುದೇ? ಇರಬಹುದು. ಆದರೆ ಹಳೇ ಸೀಟನ್ನು ಎಸೆಯದೆ ಗೋಣಿಚೀಲ ಸುತ್ತಿ ಅಟ್ಟದ ಮೇಲಿಟ್ಟಿದ್ದೆ, ಅದು ಖಚಿತ. ಮಾತು ಕೊಡದವನು ಸೀಟನ್ನು ಯಾಕೆ ಜೋಪಾನ ಮಾಡುತ್ತಾನೆ?

ಶೆಡ್ಡಿನಲ್ಲಿ ಮೊದಲು ಬಿಚ್ಚಿದ್ದು ಸೀರೆ ಗಾರ್ಡನ್ನು. ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು, ಸೀಮೆಎಣ್ಣೆ ಹಾಕಿ ಕಾದೆವು. ಅದು ಕಳಚಿ ಬಂದಾಗ ಫಿಟ್ಟರ್ ಎತ್ತಿ ಹಿಡಿದು, "ಇದೇನ್ ಮಗಾ, ಕಿಟಕಿ ಸರಳು! ನಿಮ್ಮ ಚಿಕ್ಕಪ್ಪ ಗಾಡೀಗೆ ಮನೆ ಕಟ್ಸವ್ರೆ" ಎಂದ. ಇಬ್ಬರೂ ನಕ್ಕೆವು. ಹ್ಯಾಂಡಲ್ಲನ್ನು ಕೆಳಗಿಳಿಸಿದೆವು, ಕಾಲಿಡುವ ಕಡ್ಡಿಗಳನ್ನು ಹಿಂದಕ್ಕೆ ಸರಿಸಿದೆವು. ಸೀಟು ಕವರು ಹಾಕುವವನ ಹತ್ತಿರ ಕಪ್ಪು ರೆಕ್ಸಿನ್ನಿನ ಒಂಟಿ ಸೀಟು ಮಾಡಿಸಿದ್ದಾಯಿತು, ಗುಬ್ಬು ಸಮೇತ. ಅದನ್ನು ಕೂರಿಸಿ ದೂರ ನಿಂತು ನೋಡಿದರೆ ಒಂದು ಊನ ಕಂಡಿತು. ಹಳೇ ಸೀಟನ್ನು ಹೊರುತ್ತಿದ್ದ ಚಾಸಿಯ ಕೊಳವೆಗಳು ಗುಬ್ಬಿನ ಹಿಂದೆ ಮೊಳದುದ್ದ ಚಾಚಿಕೊಂಡಿದ್ದವು.

"ಲುಂಗಿ ಕೆಳಗೆ ಚಡ್ಡಿ ಕಂಡಂಗದೆ" ಎಂದ ಫಿಟ್ಟರ್.

ಫೋಟೋದಲ್ಲಿ ಹಾಗಿರಲಿಲ್ಲ. ಆ ಕೊಳವೆಗಳನ್ನು ಕತ್ತರಿಸಿದರೆ ಫೋಟೋದಲ್ಲಿದ್ದ ಹಾಗೇ ಆಗುತ್ತಿತ್ತು. ಕತ್ತರಿಸಿದರೆ ಹಳೇ ಸೀಟು ಇನ್ನೆಂದೂ ಕೂರುತ್ತಿರಲಿಲ್ಲ.

ಇಲ್ಲಿಂದ ನನ್ನ ನೆನಪೂ ಅವನ ನೆನಪೂ ಬೇರೆ ಬೇರೆ. ನಾನು ಮೂಲೆಯ ಅಂಗಡಿಗೆ ಟೀ ತರಲು ಹೋಗಿದ್ದೆ, ಬರುವಷ್ಟರಲ್ಲಿ ಕಟ್ಟರ್ ಕಿರುಚುತ್ತಿತ್ತು, ಕೊಳವೆಯ ತುಂಡುಗಳು ನೆಲದ ಮೇಲಿದ್ದವು. ಬಹಳ ವರ್ಷ ಕೇಳಿದವರಿಗೆಲ್ಲ ಹೀಗೆಂದೇ ಹೇಳಿದ್ದೇನೆ. ಅವನು ಮಾತ್ರ, "ಲೋ, ಗೆರೆ ಎಳ್ದೋನು ನೀನೇ ಕಣೋ. ನಾನು ಗೆರೆ ಮೇಲೆ ಹೋದೆ ಅಷ್ಟೇ" ಎನ್ನುತ್ತಾನೆ. ಗೆರೆ ಇದ್ದದ್ದು ನನಗೂ ನೆನಪಿದೆ. ಬಿಳೀ ಗೆರೆ, ಸ್ವಲ್ಪ ಸೊಟ್ಟ. ಅವನು ಕಬ್ಬಿಣಕ್ಕೆ ಗುರುತು ಹಾಕುತ್ತಿದ್ದುದು ಮೊಳೆಯಿಂದ ಗೀರಿ. ಸೀಮೆಸುಣ್ಣದ ತುಂಡು ಸದಾ ಇರುತ್ತಿದ್ದುದು ನನ್ನ ಅಂಗಿಯ ಜೇಬಿನಲ್ಲಿ. ಇದಾದರೂ ಹೋಗಲಿ, ಸುಣ್ಣವನ್ನು ಅವನು ಇಸಿದುಕೊಂಡ ಅನ್ನೋಣ. ಆದರೆ ಕಟ್ಟರ್ ಹೋದದ್ದು ಗೆರೆಯ ಮೇಲೇ. ಕತ್ತರಿಸಿದ ಮೇಲೆ ಗೆರೆ ಉಳಿಯುವುದಿಲ್ಲ. ನಾನು ಅದನ್ನು ನೋಡಿದ್ದರೆ ಕತ್ತರಿಸುವ ಮೊದಲೇ ನೋಡಿರಬೇಕು. ನೋಡಿದವನು ಬೇಡ ಅನ್ನಬಹುದಾಗಿತ್ತು. ವಿದ್ಯಾರ್ಥಿಯೊಬ್ಬ ಹೀಗೆ ವಾದಿಸಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ನನ್ನ ವಿಷಯ ಬಂದಾಗ ಮಾತ್ರ ಟೀ ಅಂಗಡಿಯ ದಾರಿ ಈಗಲೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ.

"ಇದನ್ನ ಮತ್ತೆ ವೆಲ್ಡ್ ಮಾಡಬಹುದಾ? ಚಿಕ್ಕಮ್ಮ ಹಿಂದೆ ಕೂರ್ಬೇಕು" ಎಂದು ಅವತ್ತೇ ಕೇಳಿದೆ. ಅದರಲ್ಲಿ ಅನುಮಾನವಿಲ್ಲ.

"ಮಾಡಬಹುದು. ಆದ್ರೆ ಅದರ ಮೇಲೆ ಹೆಣ್ಣುಮಗಳೊಬ್ಬಳನ್ನ ಕೂರಿಸ್ತೀನಿ ಅಂದ್ರೆ ನಾನ್ ಮಾಡಲ್ಲ ಗುರು. ಬೆಸುಗೆ ಬುಟ್ಕೊಂಡ್ರೆ? ಅದನ್ನ ಮೊದ್ಲೇ ಹೇಳ್ಬೇಕಿತ್ತು."

ಹೇಳಿರಲಿಲ್ಲ. ಸೋಮವಾರದ ವಿಷಯವನ್ನು ಅವನಿಗೆ ನಾನು ಅಲ್ಲಿಯವರೆಗೆ ಹೇಳಿಯೇ ಇರಲಿಲ್ಲ.

ಬೈಕು ಮನೆಗೆ ಬಂದಾಗ ಚಿಕ್ಕಪ್ಪ ಅಂಗಡಿಯಿಂದ ಆಗ ತಾನೇ ಬಂದಿದ್ದರು. ಕಣ್ಣು ಮಂಜು, ಹತ್ತಿರ ಬಂದು ಟ್ಯಾಂಕಿನಿಂದ ಹಿಡಿದು ಹಿಂದಿನವರೆಗೆ ಕೈಯಾಡಿಸಿದರು. ಪಂಚೆ ಎತ್ತಿ ಕಟ್ಟಿ ಹತ್ತಿ ಕೂತು, ಮುಂದಕ್ಕೆ ಬಾಗಿ, ಹ್ಯಾಂಡಲ್ಲು ಹಿಡಿದು, "ಎಲಾ ಇವನ! ನನಗೆ ಆವಾಗ್ಲೇ ಹೀಗೆ ಓಡಿಸ್ಬೇಕು ಅಂತಿತ್ತು ಕಣೋ" ಎಂದರು. ಅವರ ಮುಖದಲ್ಲಿ ಅಷ್ಟು ಸಂತೋಷ ನೋಡಿ ನನ್ನ ಎದೆ ಹಗುರಾಯಿತು. ಮಾಲೀಕರಿಗೇ ಒಪ್ಪಿಗೆಯಾದ ಮೇಲೆ ಇನ್ನೇನು ಎಂದುಕೊಂಡೆ.

ಚಿಕ್ಕಮ್ಮ ಆರತಿ ತಟ್ಟೆ ತಂದರು. ಹೆಡ್‌ಲೈಟಿಗೆ ವಿಭೂತಿ ಬಳಿದು, ಹೂವು ಮುಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಹಾಗೇ ಹಿಂದಕ್ಕೆ ಬಂದು ಗುಬ್ಬನ್ನು ಮುಟ್ಟಿ ನೋಡಿದರು.

"ಇದೇನಪ್ಪ, ಗೂನು?"

"ಅದೇ ಸ್ಟೈಲು ಕಣೇ" ಎಂದರು ಚಿಕ್ಕಪ್ಪ.

"ಹೂಂ. ಚೆನ್ನಾಗಿದೆ." ಅದರ ಮೇಲೂ ಒಂದು ಹೂವು ಇಟ್ಟು ಒಳಗೆ ಹೋದರು. ಸೋಮವಾರಕ್ಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳಲು ನಾನು ಶೆಡ್ಡಿನಿಂದ ಬರುವಾಗಲೇ ಉತ್ತರ ತಯಾರು ಮಾಡಿಕೊಂಡು ಬಂದಿದ್ದೆ.

ಆ ಉತ್ತರವನ್ನು ಭಾನುವಾರ ಹೇಳಿದೆ: ಯಾರದಾದರೂ ಸ್ಕೂಟರ್ ಕೇಳಿ ತರುತ್ತೇನೆ, ಇಲ್ಲವೇ ಬಸ್ಸಿನಲ್ಲಿ ಒಟ್ಟಿಗೆ ಹೋಗೋಣ. ಚಿಕ್ಕಮ್ಮ ಈ ವಾರ ಬೇಡ, ಮಂಡಿ ನೋವು ಎಂದರು. ಮುಂದಿನ ವಾರ ನೆಂಟರು ಬರುವವರಿದ್ದರು. ಅದರ ಮುಂದಿನ ವಾರ ನಾನೇ ಕೇಳಲಿಲ್ಲ. ಅವರು ಬೇಡ ಅಂದಾಗ ನಾನು ಎಷ್ಟು ಬೇಗ ಒಪ್ಪಿದೆ ಎಂಬುದು ಈಗ ನಾಚಿಕೆ ತರುತ್ತದೆ. ಎರಡನೇ ಸಲ ಒತ್ತಾಯ ಮಾಡುವುದು ನಮ್ಮ ಮನೆಗಳ ಪದ್ಧತಿ. ಒಂದು ಲೋಟ ಮಜ್ಜಿಗೆ ಕುಡಿಸಲೂ ಮೂರು ಸಲ ಹೇಳುತ್ತೇವೆ. ಮೊದಲ "ಬೇಡ"ಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ನಾನು ಕೊಟ್ಟೆ.

ಸೋಮವಾರಗಳಂದು ನಾನು ಬೈಕು ತೆಗೆದುಕೊಂಡು ರಿಂಗ್ ರೋಡಿಗೆ ಹೋಗುತ್ತಿದ್ದೆ, ಅಲ್ಲಿ ಟೀ ಅಂಗಡಿಯ ಮುಂದೆ ನಿಲ್ಲಿಸಿ ಜನ ಸುತ್ತ ನೆರೆಯುವುದನ್ನು ನೋಡುತ್ತಿದ್ದೆ. ಸತ್ಯವಾಗಿ ಹೇಳಬೇಕೆಂದರೆ ಅದು ಸುಖದ ಗಾಡಿಯೂ ಆಗಿರಲಿಲ್ಲ. ಮಣಿಕಟ್ಟು ನೋಯುತ್ತಿತ್ತು, ಬೆನ್ನು ಹಿಡಿಯುತ್ತಿತ್ತು, ಮಳೆ ಬಂದರೆ ಹಿಂದಿನ ಚಕ್ರ ಕೆಸರನ್ನೆಲ್ಲ ನನ್ನ ಬೆನ್ನಿಗೇ ಎರಚುತ್ತಿತ್ತು. ಅಂಗಡಿಗೆ ಚಿಕ್ಕಪ್ಪನನ್ನು ಬಿಡೋಣ ಎಂದರೆ ಅವರಿಗೂ ಜಾಗ ಇಲ್ಲ. ಕಣ್ಣು ಪೂರ್ತಿ ಮಂಜಾದ ಮೇಲೆ ಅವರು ಜಗಲಿಯಲ್ಲಿ ಕೂತು, "ಒಂದ್ಸಲ ಸ್ಟಾರ್ಟ್ ಮಾಡು, ಕೇಳ್ತೀನಿ" ಎನ್ನುತ್ತಿದ್ದರು. ಒಂದೆರಡು ವರ್ಷದಲ್ಲಿ ನನಗೆ ಆ ಹುಚ್ಚು ಇಳಿಯಿತು. ನನ್ನ ಹುಚ್ಚುಗಳೆಲ್ಲ ಇಳಿಯುತ್ತವೆ. ಒಂದು ಸಾದಾ ಸ್ಕೂಟರ್ ಕೊಂಡು, ಬೈಕನ್ನು ಫಿಟ್ಟರನಿಗೇ ಕೊಟ್ಟುಬಿಟ್ಟೆ. ಹೊಸ ಸ್ಕೂಟರಿನಲ್ಲಿ ಎರಡು ಸೀಟಿದ್ದವು. "ಹೋಗೋಣವಾ ಚಿಕ್ಕಮ್ಮ?" ಎಂದು ಒಮ್ಮೆ ಕೇಳಿದೆ. "ಈಗೇನಪ್ಪ, ಅಭ್ಯಾಸ ತಪ್ಪಿಹೋಯ್ತು" ಎಂದರು. ಅದನ್ನೂ ಒಂದೇ ಸಲಕ್ಕೆ ಒಪ್ಪಿಕೊಂಡೆ.

ಇದಾಗಿ ಐದಾರು ವರ್ಷ ಕಳೆದಿರಬೇಕು. ಗೌರಿ ಹಬ್ಬದ ಹಿಂದಿನ ದಿನ ಮಾರ್ಕೆಟ್ಟಿನಲ್ಲಿ ಬಾಳೆಎಲೆ ಆರಿಸುತ್ತಿದ್ದಾಗ ಯಾರೋ ನನ್ನ ಕಟ್ಟಿನಿಂದಲೇ ಒಂದು ಎಲೆ ಎಳೆದು, "ಇದು ಅರಿದದೆ ಕಣಪ್ಪ, ಓದ್ದೋರಿಗೆ ಎಲೆ ನೋಡಕ್ಕೂ ಬರಲ್ವಾ?" ಎಂದರು. ಚಿಕ್ಕಮ್ಮನ ಗೆಳತಿ. ತಲೆ ನರೆತಿತ್ತು. ಚಿಕ್ಕಪ್ಪನ ಕಣ್ಣು, ನನ್ನ ಕೆಲಸ, ಹೂವಿನ ರೇಟು ಎಲ್ಲ ವಿಚಾರಿಸಿದರು. ಚಿಕ್ಕಮ್ಮನನ್ನು ಕೊನೆಗೆ ವಿಚಾರಿಸಿದರು. ನನಗೆ ತಡೆಯಲಾಗಲಿಲ್ಲ. ನನ್ನಿಂದಲೇ ಅವರು ಬರುವುದು ನಿಂತದ್ದು, ಗಾಡಿ ಹಾಳು ಮಾಡಿದೆ ಎಂದೆ.

"ಯಾವ ಗಾಡಿ? ನಿನ್ನ ಗಾಡೀದೇನೂ ಇಲ್ಲ ಬುಡು. ನಾನೇ ಒಂದ್ ಮಾತು ಅಂದ್ಬುಟ್ಟಿದ್ದೆ. ನಮ್ಮ ಪಕ್ಕದ ಸೈಟು ಖಾಲಿ ಇತ್ತಲ್ಲ, ತಗೊಳ್ರಿ, ಮೊದಲಿನಂಗೆ ಗೋಡೆಗೆ ಗೋಡೆ ಇರಣ ಅಂತಿದ್ದೆ. ನಮ್ಮೆಜಮಾನ್ರಿಗೆ ನಜರ್‌ಬಾದ್ ಬುಡಕ್ಕೆ ಇಷ್ಟ ಇಲ್ಲ ಅಂತ ನಿಮ್ಮ ಚಿಕ್ಕಮ್ಮ ಅಂದ್ಲು. ನಿನಗೇ ಇಷ್ಟ ಇಲ್ಲ, ಗಂಡನ್ನ ಯಾಕ್ ಮುಂದೆ ಮಾಡ್ತೀಯೆ ಅಂದೆ. ಅವತ್ತು ಹೋದೋಳು, ಹೋದ್ಲು."

ಅವತ್ತು ಎಂದರೆ, ಲೆಕ್ಕ ಹಾಕಿದರೆ, ಬೈಕು ಶೆಡ್ಡಿಗೆ ಹೋಗುವ ಮೊದಲಿನ ಕೊನೇ ಸೋಮವಾರ. ನಾನು ಆ ಸಂಜೆ ಚಿಕ್ಕಮ್ಮನನ್ನು ಹಿಂದೆ ಕೂರಿಸಿಕೊಂಡು ಬಂದಿದ್ದೇನೆ. ಅವರು ಅತ್ತರೇ, ಸುಮ್ಮನಿದ್ದರೇ, ಏನಾದರೂ ಅಂದರೇ? ಏನೂ ನೆನಪಿಲ್ಲ. ಬಹುಶಃ ನಾನು ಹ್ಯಾಂಡಲ್ಲು ಎಷ್ಟು ತಗ್ಗಿಸಬೇಕು ಎಂದು ಯೋಚಿಸುತ್ತಿದ್ದೆ.

ಎಲೆಯ ಕಟ್ಟು ಹೊತ್ತು ಬರುವಾಗ ಕಾಲುಗಳು ಹಗುರವಾಗಿದ್ದವು. ಹೊಸ ಸಾಕ್ಷಿ ಸಿಕ್ಕಿತ್ತು, ಅದೂ ನನ್ನ ಪರವಾಗಿ. ಮನೆ ಹತ್ತಿರ ಬಂದಂತೆ ಅನುಮಾನ ಶುರುವಾಯಿತು. ನನಗೆ ಬೇಕಾದ್ದನ್ನೇ ಹೇಳುವ ಸಾಕ್ಷಿಯನ್ನು ನಾನು ಯಾವಾಗ ನಂಬಿದ್ದೇನೆ? ಅವರೂ ಇಷ್ಟು ವರ್ಷ ತಪ್ಪು ತಮ್ಮದೇ ಎಂದು ಇಟ್ಟುಕೊಂಡು ಕೂತಿದ್ದಾರೆ, ನನ್ನ ಹಾಗೆ. ಇಬ್ಬರಲ್ಲಿ ಒಬ್ಬರದಂತೂ ಸುಳ್ಳು. ಹಬ್ಬ ಮುಗಿದ ಮೇಲೆ, ಚಿಕ್ಕಮ್ಮ ಒಣಗಿದ ಬಟ್ಟೆ ಮಡಿಸುತ್ತಿದ್ದಾಗ, ನೇರವಾಗಿಯೇ ಕೇಳಿದೆ.

"ಜಗಳ ಆಡಿದ್ದು ನಿಜ" ಎಂದರು.

"ಅಂದ್ರೆ ಗಾಡಿಯಿಂದ ಅಲ್ಲ?"

"ಅಯ್ಯೋ, ನಾವು ಎಷ್ಟು ಸಲ ಜಗಳ ಆಡಿಲ್ಲ! ನಮ್ಮ ಜಗಳಕ್ಕೆ ಸೋಮವಾರದಿಂದ ಸೋಮವಾರದವರೆಗೆ ಆಯಸ್ಸು. ಇನ್ನು ಹೋಗಲ್ಲ ಅಂತ್ಲೇ ಇರ್ತಿದ್ದೆ. ನೀನು ಬಾಗ್ಲಲ್ಲಿ ಗಾಡಿ ಸ್ಟಾರ್ಟ್ ಮಾಡ್ಕೊಂಡು ನಿಲ್ತಿದ್ದೆ. ಹುಡುಗ ಕಾಯ್ತಿದ್ದಾನೆ ಅಂತ ಬಂದು ಕೂತ್ಕೊಳ್ತಿದ್ದೆ. ಕೂತ್ಮೇಲೆ ಹೋಗ್ಲೇಬೇಕಲ್ಲ? ಅವಳ ಮನೆ ಮುಂದೆ ಇಳಿದ್ಮೇಲೆ ಮಾತಾಡ್ಲೇಬೇಕಲ್ಲ?" ಒಂದು ಪಂಚೆ ಕೊಡವಿ ಮಡಿಸಿದರು. "ಆ ಸಲ ಗಾಡಿ ನಿಲ್ಲಲಿಲ್ಲ. ನಾನಾಗೇ ಬಸ್ಸು ಹತ್ತಿ ಹೋದ್ರೆ ಸೋತಂಗೆ ಆಗ್ತಿತ್ತು. ಅವಳಿಗೂ ಒಳ್ಳೇದೇ ಆಯ್ತು, ಪಾಪ ಗಾಡಿ ಇಲ್ಲ ಅದಕ್ಕೆ ಬಂದಿಲ್ಲ ಅಂದ್ಕೊಂಡ್ಳೋ ಏನೋ, ಅವಳೂ ಬರ್ಲಿಲ್ಲ. ಆಮೇಲೆ ಸುಮ್ನೆ ದಿನ ಹೋಯ್ತು ಕಣಪ್ಪ."

ಹಾಗಾದರೆ ಇಬ್ಬರದೂ ಸುಳ್ಳಲ್ಲ. ನಾನು ಹೊತ್ತದ್ದು ಒಂದು ತಪ್ಪಾಗಿದ್ದರೆ ಈಗ ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಿತು. ಅವರನ್ನು ತಡೆದವನು ನಾನಲ್ಲ. ಅವರು ಹೋಗಲೇಬೇಕಾದಂತೆ ಮಾಡುತ್ತಿದ್ದ ಒಂದೇ ವಸ್ತುವನ್ನು ಸ್ಟೈಲಿಗೆಂದು ಕತ್ತರಿಸಿದೆ. ಒಬ್ಬ ಹುಡುಗ ಬಾಗಿಲಲ್ಲಿ ಕಾಯುವುದು ಅಷ್ಟು ದೊಡ್ಡ ಕೆಲಸ ಎಂದು ನನಗೆ ಹೊಳೆದಿರಲಿಲ್ಲ.

"ಈ ಸೋಮವಾರ ಸ್ಕೂಟರ್ ತರ್ತೀನಿ. ಹೋಗೋಣ" ಎಂದೆ. "ಬೇಡಪ್ಪ" ಎಂದರು. ಮತ್ತೆ ಹೇಳಿದೆ. ಬೇಡ ಅಂದರು. ಮೂರನೇ ಸಲವೂ ಹೇಳಿದೆ. ಮಡಿಸಿದ ಬಟ್ಟೆಯನ್ನು ಎತ್ತಿಕೊಂಡು ಎದ್ದು, "ಸ್ಕೂಟರ್ ಬೇಡ. ಬಸ್ಸಲ್ಲಿ ಹೋಗೋಣ. ಸೋಲೋದಾದ್ರೆ ಸರಿಯಾಗೇ ಸೋಲೋಣ" ಎಂದರು.

ದಟ್ಟಗಳ್ಳಿಗೆ ಆ ಹೊತ್ತಿಗೆ ಬಸ್ಸುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಇಳಿದರೆ ನನಗೆ ದಿಕ್ಕೇ ತಿಳಿಯಲಿಲ್ಲ. ಸೈಟಿನ ಕಲ್ಲುಗಳಿದ್ದ ಕಡೆಯೆಲ್ಲ ಮಹಡಿ ಮನೆಗಳು, ಡಾಂಬರು ರಸ್ತೆ. ವಾರ ವಾರ ಗಾಡಿ ಓಡಿಸಿದವನು ನಾನೇ ಎಂಬ ಧೈರ್ಯದಿಂದ ಒಂದು ತಿರುವಿನಲ್ಲಿ ಬಲಕ್ಕೆ ಹೊರಟೆ. ಸುಮಾರು ದೂರ ಹೋದ ಮೇಲೆ ಚಿಕ್ಕಮ್ಮ ನಿಂತರು.

"ಇಲ್ಲಿ ಹೊಂಗೆ ಮರ ಇಲ್ಲ."

"ಯಾವ ಹೊಂಗೆ ಮರ? ನಾನು ನೋಡೇ ಇಲ್ಲ."

"ನೀನು ಗುಂಡಿ ನೋಡ್ತಿದ್ದೆ. ನಾನು ಈ ಕಡೆ ತಿರುಗಿ ಕೂತಿರ್ತಿದ್ದೆ." ರಸ್ತೆಗೆ ಅಡ್ಡಲಾಗಿ ಎಡಕ್ಕೆ ಮುಖ ಮಾಡಿ ನಿಂತು ತೋರಿಸಿದರು. ಅಷ್ಟು ವರ್ಷ ಒಂದೇ ಮಗ್ಗುಲಿಗೆ ಕೂತು ಹೋದವರಿಗೆ ದಾರಿಯ ಎಡಗಡೆ ಮಾತ್ರ ಗೊತ್ತಿತ್ತು. ನನಗೆ ನೆನಪಿದ್ದ ದಾರಿಯಲ್ಲಿ ಮರವೇ ಇರಲಿಲ್ಲ. ಬಂದ ದಾರಿಯಲ್ಲೇ ವಾಪಸು ಬಂದೆವು. ತಿರುವಿನಿಂದ ಅವರು ಮುಂದೆ, ಎಡಕ್ಕೆ ಮುಖ ತಿರುಗಿಸಿ, ಒಂದೊಂದು ಕಾಂಪೌಂಡನ್ನೂ ನೋಡುತ್ತ ನಡೆದರು. ಎರಡು ಮನೆಗಳ ನಡುವೆ ಸಿಕ್ಕಿಕೊಂಡ ಹೊಂಗೆ ಮರ ಕೊನೆಗೂ ಸಿಕ್ಕಿತು.

ಗೆಳತಿ ಬಾಗಿಲು ತೆಗೆದು, ಸೆರಗು ಸರಿಮಾಡಿಕೊಂಡರು. ಒಳಗೆ ಕರೆದು ಸೋಫಾದ ಮೇಲೆ ಕೂರಿಸಿದರು. ಕಪ್ಪು ಸಾಸರಿನಲ್ಲಿ ಟೀ ಬಂತು, ತಟ್ಟೆಯಲ್ಲಿ ಬಿಸ್ಕತ್ತು ಬಂತು. ಸಕ್ಕರೆ ಕಾಯಿಲೆ, ಮಂಡಿ, ಕಾರ್ಪೊರೇಷನ್ ನೀರು. ಪಕ್ಕದ ಸೈಟಿನಲ್ಲಿ ಯಾರದೋ ಎರಡಂತಸ್ತಿನ ಮನೆ ಎದ್ದು ಕಿಟಕಿಯ ಬೆಳಕನ್ನು ಪೂರ್ತಿ ತಿಂದಿತ್ತು. ಅವರಿಬ್ಬರೂ ಆ ಕಿಟಕಿಯ ಕಡೆ ನೋಡದೆ ಮಾತಾಡಿದರು. ನಾನು ಬಿಸ್ಕತ್ತು ಕೈಯಲ್ಲಿ ಹಿಡಿದು ಕೂತಿದ್ದೆ. ಇಷ್ಟಕ್ಕೇ ಆಗಿದ್ದರೆ ಇವರನ್ನು ಕರೆತರಬಾರದಿತ್ತು, ನನ್ನ ಸಮಾಧಾನಕ್ಕೆಂದೇ ಇದನ್ನೂ ಮಾಡಿದೆ ಅನ್ನಿಸಿತು.

ವಾಪಸು ಬಸ್ಸಿನಲ್ಲಿ ಚಿಕ್ಕಮ್ಮ, "ಮುಂದಿನ ವಾರ ನೀನು ಬರ್ಬೇಡ" ಎಂದರು.

"ಯಾಕೆ?"

"ನೀನಿದ್ರೆ ಅವಳು ಬಿಸ್ಕತ್ತು ತರ್ತಾಳೆ."

ಮುಂದಿನ ಸೋಮವಾರ ಒಬ್ಬರೇ ಹೋದರು. ನಾನು ಇಡೀ ಮಧ್ಯಾಹ್ನ ಪುಸ್ತಕ ತೆರೆದು ಒಂದು ಹಾಳೆಯನ್ನೂ ತಿರುವಲಿಲ್ಲ. ಹೋಗದೆ ಉಳಿದ ಸೋಮವಾರಗಳನ್ನು ಚಿಕ್ಕಮ್ಮ ಲೆಕ್ಕ ಹಾಕಿದಂತೆ ಎಂದೂ ಕಾಣಲಿಲ್ಲ. ನಾನು ಹಾಕಲು ಹೋಗಿ, ಅರ್ಧಕ್ಕೆ ಬಿಟ್ಟೆ. ದೀಪ ಹಚ್ಚುವ ಹೊತ್ತಿಗೆ ಗೇಟಿನ ಸದ್ದಾಯಿತು. ಕಂಕುಳಲ್ಲಿ ನುಗ್ಗೆಸೊಪ್ಪಿನ ಕಂತೆ, ಮುಖ ಕೆಂಪಗಿತ್ತು. ಸೊಪ್ಪನ್ನು ನೆಲಕ್ಕೆ ಕುಕ್ಕಿ ಬಿಡಿಸಲು ಕೂತರು.

"ಏನಾಯ್ತೇ?" ಎಂದು ಚಿಕ್ಕಪ್ಪ ಕುರ್ಚಿಯಿಂದಲೇ ಕೇಳಿದರು.

"ಆಗೋದೇನು! ಪಕ್ಕದ ಸೈಟು ಹೋಗಿದ್ದು ನನ್ನಿಂದಂತೆ. ಇನ್ನೂ ಅದೇ ಹಾಡು. ನಾನೂ ಚೆನ್ನಾಗಿ ಅಂದ್ಬುಟ್ಟು ಬಂದೆ. ಇನ್ನು ಅವಳ ಮನೆ ಮೆಟ್ಟಿಲು ತುಳಿಯಲ್ಲ."

ಚಿಕ್ಕಪ್ಪ, "ಮುಂದಿನ ಸೋಮವಾರ ಸಂಜೆ ಮಾತ್ರೆ ನನಗೆ ಯಾರು ಕೊಡ್ತಾರೆ?" ಎಂದರು.

"ಇವನಿರ್ತಾನಲ್ಲ" ಎಂದರು ಚಿಕ್ಕಮ್ಮ, ಸೊಪ್ಪಿನಿಂದ ತಲೆ ಎತ್ತದೆ.

ಹೂಂ, ಇರ್ತೀನಿ ಎಂದೆ.